ಮನೆಗಾಡಿಗಳ ನಾಡಿ ಹಿಡಿಯುವ ಟಾರ್ಚಕ್ಕ

ಬೆಳಗಿನ ಬೆಳಕು ಇನ್ನೂ ಸರಿಯಾಗಿ ನೆಲಕ್ಕಿಳಿದಿಲ್ಲ. ಊರ ಹೊರಗಿನ ಗೋದಾಮೊಂದರ ಅಂಗಳದಲ್ಲಿ ಬಿಳಿಯ ದೊಡ್ಡ ಗಾಡಿ ನಿಂತಿದೆ. ಗಾಡಿಯೊಳಗೇ ಮಂಚ, ಒಲೆ, ಬಚ್ಚಲು ಎಲ್ಲ ಇರುವ ಮೋಟಾರ್‌ಹೋಮ್ ಅದು. ಅದರಡಿಯಿಂದ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿವೆ. ಸವೆದ ಕ್ಯಾನ್ವಾಸ್ ಬೂಟು, ಮಂಡಿಗೆ ತೇಪೆ ಹಾಕಿದ ನೀಲಿ ಪ್ಯಾಂಟು. ಒಳಗಿನಿಂದ ಆಗಾಗ 'ಟಣ್' ಎಂಬ ಸದ್ದು. ಸುತ್ತಿಗೆಯ ಹಿಡಿಯಿಂದ ಕಬ್ಬಿಣವನ್ನು ಮೆಲ್ಲಗೆ ತಟ್ಟುವ ಸದ್ದು ಅದು. ಟಣ್, ಟಣ್, ಟಣ್, ಆಮೇಲೆ ಒಂದು 'ಟಪ್'. ತೆವಳುತ್ತಿದ್ದ ಕಾಲುಗಳು ಅಲ್ಲಿಗೆ ನಿಲ್ಲುತ್ತವೆ.

"ಇಲ್ಲಿ ಹಪ್ಪಳ ಆಗಿದೆ ನೋಡಿ," ಎಂಬ ಮಾತು ಗಾಡಿಯಡಿಯಿಂದ ಬರುತ್ತದೆ. ಮಾತಿನ ಹಿಂದೆಯೇ ಅಂಗೈಯಷ್ಟು ಅಗಲದ ತುಕ್ಕಿನ ಚಕ್ಕೆಯೂ ಹೊರಬಂದು ಬೀಳುತ್ತದೆ.

ತೆವಳಿಕೊಂಡು ಹೊರಬರುವ ಹೆಂಗಸಿಗೆ ಅರವತ್ತರ ಹತ್ತಿರದ ವಯಸ್ಸು. ತುಂಡುಗೂದಲು, ಹಣೆಗೆ ಒರೆಸಿಕೊಂಡ ಗ್ರೀಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಟಾರ್ಚು. ಈ ಟಾರ್ಚಿನಿಂದಲೇ ಆಕೆಗೆ ಹೆಸರು ಬಂದದ್ದು. ಹಳೆಯ ಗಾಡಿ ಕೊಳ್ಳುವವರು, ಮಾರುವವರು, ಗ್ಯಾರೇಜಿನವರು, ಕೊನೆಗೆ ಬೀದಿಯ ಮಕ್ಕಳು ಕೂಡ ಆಕೆಯನ್ನು ಕರೆಯುವುದು ಟಾರ್ಚಕ್ಕ ಎಂದೇ. ಸ್ವಂತ ಹೆಸರು ಹಿಡಿದು ಯಾರಾದರೂ ಕೂಗಿದರೆ ತಿರುಗಿ ನೋಡುವುದು ತಡ ಎಂದು ಮನೆಯವರು ನಗುತ್ತಾರೆ.

ಟಾರ್ಚಕ್ಕನ ಕೆಲಸ ಹೇಳುವುದಕ್ಕೆ ಸುಲಭ. ಯಾರಾದರೂ ಹಳೆಯ ಮೋಟಾರ್‌ಹೋಮ್ ಕೊಳ್ಳಲು ಹೊರಟರೆ, ಅವರಿಗಿಂತ ಮೊದಲು ಆಕೆ ಹೋಗಿ ಗಾಡಿಯನ್ನು ನೋಡಬೇಕು. ತಗೊಳ್ಳಿ ಅಥವಾ ಬೇಡ, ಎರಡರಲ್ಲಿ ಒಂದು ಹೇಳಬೇಕು. ಆಕೆ ಅದನ್ನು ಮೋಟಾರ್‌ಹೋಮ್ ಎನ್ನುವುದಿಲ್ಲ. ಆಕೆಯ ಬಾಯಲ್ಲಿ ಅದು ಮನೆಗಾಡಿ.

ಈ ಹೊತ್ತು ಬೆಳ್ಳಂಬೆಳಗ್ಗೆಯೇ ಬಂದಿರುವುದಕ್ಕೆ ಕಾರಣವಿದೆ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ ಮೊದಲ ಸಲ ಎದ್ದಾಗ ತೋರಿಸುವಷ್ಟು ನಿಜವನ್ನು ಆಮೇಲೆ ದಿನವಿಡೀ ತೋರಿಸುವುದಿಲ್ಲ. ಅದಕ್ಕೇ ಬಂದ ಕೂಡಲೇ ಆಕೆ ಮಾಡುವ ಮೊದಲ ಕೆಲಸ, ಬಾನೆಟ್ಟಿನ ಮೇಲೆ ಅಂಗೈ ಇಡುವುದು. ಇವತ್ತು ಇಟ್ಟಾಗ ಬೆಚ್ಚಗಿತ್ತು.

"ರಾತ್ರಿ ಸ್ವಲ್ಪ ಜರುಗಿಸಿದ್ವಿ ಮೇಡಂ," ಎಂದ ಮಾರಾಟದ ದಲ್ಲಾಳಿ.

"ರಾತ್ರಿಯ ಬಿಸಿ ಇಷ್ಟೊತ್ತಿನವರೆಗೆ ಉಳಿಯೋದಾದ್ರೆ, ನಾನು ಫ್ಲಾಸ್ಕ್ ಬಿಸಾಕಿ ನಿಮ್ಮ ಎಂಜಿನ್ನಿಗೇ ಟೀ ಸುರ್ಕೊಂಡು ಹೋಗ್ತೀನಿ ಸ್ವಾಮಿ," ಎಂದಳು ಟಾರ್ಚಕ್ಕ. ದಲ್ಲಾಳಿಯೂ ನಕ್ಕುಬಿಟ್ಟ. ಅದು ತಣ್ಣಗಾಗುವವರೆಗೆ ಇರಲಿ ಎಂದು ಆಕೆ ಗಾಡಿಯ ಕೆಳಗೆ ನುಸುಳಿದ್ದು ಆಮೇಲೆ.

ಕೊಳ್ಳಲು ಬಂದಿರುವುದು ಎಳೆಯ ದಂಪತಿ. ಗಂಡ ಕಣ್ಣು ಪರೀಕ್ಷೆ ಮಾಡುತ್ತಾನೆ, ಹೆಂಡತಿ ಕನ್ನಡಕ ಕೂರಿಸುತ್ತಾಳೆ. ಅಂಗಡಿಯ ಬಾಡಿಗೆ ಕಟ್ಟುವುದನ್ನು ಬಿಟ್ಟು ಊರೂರು ತಿರುಗಿ ಕೆಲಸ ಮಾಡುವ, ಗಾಡಿಯಲ್ಲೇ ಸಂಸಾರ ಹೂಡುವ ಆಸೆ. ಹುಡುಗಿ ಆಗಲೇ ಟೇಪು ಹಿಡಿದು ಕಿಟಕಿಗಳ ಅಳತೆ ತೆಗೆದಿದ್ದಾಳೆ. ಪರದೆಗೆ ಹಳದಿ ಬಟ್ಟೆಯೂ ಬಂದಾಗಿದೆ. ಟಾರ್ಚಕ್ಕ ಬೂಟು ಕಳಚಿ ಒಳಗೆ ಹತ್ತಿದಳು. ಎಲ್ಲ ಕಿಟಕಿ ಮುಚ್ಚಿಸಿ, ಕಣ್ಣು ಮುಚ್ಚಿ, ಸುಮ್ಮನೆ ನಿಂತು ಉಸಿರೆಳೆದುಕೊಂಡಳು. ನಿಂಬೆ ವಾಸನೆಯ ಸ್ಪ್ರೇ ಘಮ್ಮೆನ್ನುತ್ತಿತ್ತು. "ಇಷ್ಟು ಸ್ಪ್ರೇ ಯಾಕೆ ಹೊಡೆದ್ರಿ ಅಂತ ಕೇಳೋದಿಲ್ಲ," ಎಂದಳು ದಲ್ಲಾಳಿಗೆ. ಮಂಚದ ತಲೆದೆಸೆಯ ಮೂಲೆಗೆ ಹೋಗಿ ಮಂಡಿಯೂರಿ, ಗೋಡೆಗೆ ಹೆಬ್ಬೆರಳು ಒತ್ತಿದಳು. ಹುಡುಗಿಯನ್ನು ಕರೆದು, ಅವಳ ಕೈ ಹಿಡಿದು, ಅವಳದೇ ಹೆಬ್ಬೆರಳನ್ನು ಅಲ್ಲಿ ಇಡಿಸಿದಳು.

ಟೀಯಲ್ಲಿ ಅದ್ದಿದ ಬಿಸ್ಕತ್ತಿನಂತೆ ಗೋಡೆ ಒಳಕ್ಕೆ ಹೋಯಿತು.

ಹುಡುಗಿಯ ಕಣ್ಣಲ್ಲಿ ನೀರು. "ಹೊರಗಿಂದ ಎಷ್ಟು ಚೆನ್ನಾಗಿದೆ ಅಲ್ವಾ ಅಕ್ಕ..."

"ಚೆನ್ನಾಗೇ ಇದೆ. ಆದ್ರೆ ಒಳಗಿನ ಮರ ಎಲ್ಲ ಲಡ್ಡು ಹಿಡಿದಿದೆ. ಇದು ನಿಮಗೆ ಬೇಡ ತಾಯಿ. ಬಟ್ಟೆ ಮಡಚಿ ಎತ್ತಿಡು, ಅಳತೆ ಬರ್ಕೊಂಡಿರೋದನ್ನ ಮರೆತುಬಿಡು. ಗಾಡಿ ಸಿಗುತ್ತೆ. ನಾನಿದೀನಲ್ಲ, ಹುಡುಕೋಣ."

ಎಂಜಿನ್ ತಣ್ಣಗಾಗುವವರೆಗೂ ಕಾಯಲೇ ಇಲ್ಲ. ಕಾಯುವ ಅಗತ್ಯವೂ ಉಳಿದಿರಲಿಲ್ಲ.

ವಾರಕ್ಕೆ ನಾಲ್ಕೈದು ಗಾಡಿ ನೋಡುತ್ತಾಳೆ ಟಾರ್ಚಕ್ಕ. ಹತ್ತರಲ್ಲಿ ಮೂರಕ್ಕೆ 'ಹೂಂ' ಎಂದರೆ ಹೆಚ್ಚು. ಆಕೆ ನೋಡುವ ರೀತಿಯಲ್ಲಿ ಗುಟ್ಟೇನೂ ಇಲ್ಲ, ಕೇಳಿದವರಿಗೆಲ್ಲ ಹೇಳಿಕೊಡುತ್ತಾಳೆ. ಎಂಜಿನ್ನಿಗೆ ಎಣ್ಣೆ ಹೊಯ್ಯುವ ಮುಚ್ಚಳ ಬಿಚ್ಚಿ ಅದರ ಒಳಮೈ ನೋಡಬೇಕು. ಕೆನೆಯಂಥದ್ದು ಅಂಟಿಕೊಂಡಿದ್ದರೆ ಎಣ್ಣೆಗೆ ನೀರು ಸೇರುತ್ತಿದೆ ಎಂದು ಅನುಮಾನಪಡಬೇಕು. ಸ್ಟಾರ್ಟ್ ಮಾಡಿದಾಗ ಹಿಂದೆ ನಿಂತು ಹೊಗೆ ನೋಡಬೇಕು. ನೀಲಿ ಹೊಗೆಯಾದರೆ ಗಾಡಿ ತನ್ನ ಎಣ್ಣೆಯನ್ನು ತಾನೇ ಸುಡುತ್ತಿದೆ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಮೆಲ್ಲಗೆ ಕ್ಲಚ್ ಬಿಟ್ಟರೆ ಎಂಜಿನ್ ಗಕ್ಕನೆ ನಿಂತುಹೋಗಬೇಕು. ನಿಲ್ಲದೆ ಗೊರಗೊರ ಎನ್ನುತ್ತಲೇ ಇದ್ದರೆ ಕ್ಲಚ್ಚಿನ ಆಯುಷ್ಯ ಮುಗಿದಂತೆ. ಒಲೆಯ ಗ್ಯಾಸ್ ಪೈಪಿನ ಪ್ರತಿಯೊಂದು ಸಂದಿಗೂ ಸೋಪಿನ ನೊರೆ ಹಚ್ಚಬೇಕು, ಗುಳ್ಳೆ ಎದ್ದರೆ ಅಲ್ಲಿಗೇ ಮುಗಿಯಿತು.

ಜನ ಮೋಸ ಹೋಗುವುದು ಮಾತ್ರ ಬೇರೆ ಕಡೆ ಎನ್ನುತ್ತಾಳೆ. "ಕಡಿಮೆ ಓಡಿದೆ, ಕಡಿಮೆ ಓಡಿದೆ ಅಂತ ಖುಷಿಪಡ್ತಾರೆ. ಅಲ್ಲಪ್ಪಾ, ಓಡದೆ ನಿಂತಿದ್ದಕ್ಕೇ ಅದು ಕೆಟ್ಟಿರುತ್ತೆ. ಟೈರು ಹೊಸದರ ಹಾಗೆ ಕಾಣುತ್ತೆ, ಪಕ್ಕ ಬಗ್ಗಿ ನೋಡಿದ್ರೆ ಬೇಸಿಗೆಯ ಕೆರೆ ಹಾಗೆ ಬಿರುಕು. ಬ್ರೇಕು ಕಚ್ಕೊಂಡಿರುತ್ತೆ. ಮನುಷ್ಯರೂ ಹಾಗೇ ಅಲ್ವಾ, ಕೂತಲ್ಲೇ ಕೂತ್ರೆ ಮಂಡಿ ಹಿಡ್ಕೊಳ್ಳುತ್ತೆ."

ಆದರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಆಕೆ ನೋಡುವುದು ತೇವವನ್ನು. ಕಿಟಕಿಯ ಕೆಳಗಿನ ಮೂಲೆ, ಚಾವಣಿಯ ಗಾಜಿನ ಸುತ್ತ, ಬೀರುವಿನ ಬೆನ್ನು, ಮಂಚದಡಿಯ ಹಲಗೆ. ಎಂಜಿನ್ ಕೆಟ್ಟರೆ ಬೇರೆ ಹಾಕಿಸಬಹುದು, ಗೋಡೆ ಕೊಳೆತರೆ ಇಡೀ ಗಾಡಿಯೇ ಹೋಯಿತು ಎಂಬುದು ಈ ಕಸುಬಿನವರೆಲ್ಲ ಒಪ್ಪುವ ಮಾತು. ಆಕೆಯ ಮಟ್ಟಿಗೆ ಅದು ಅಷ್ಟೇ ಅಲ್ಲ.

ಟಾರ್ಚಕ್ಕ ಹುಟ್ಟಿದ್ದೇ ಗಾಲಿಗಳ ಮೇಲೆ. ಅಪ್ಪ ರಸ್ತೆ ಹಾಕುವ ತಂಡದಲ್ಲಿ ರೋಡ್ ರೋಲರ್ ಓಡಿಸುತ್ತಿದ್ದ. ರಸ್ತೆ ಎಷ್ಟು ಮುಂದೆ ಹೋಗುತ್ತದೋ ಮನೆಯೂ ಅಷ್ಟು ಮುಂದೆ. ರೋಲರಿನ ಹಿಂದೆ ಕಬ್ಬಿಣದ ಕೊಂಡಿಗೆ ಸಿಕ್ಕಿಸಿದ ಮರದ ಕೋಣೆಯೊಂದು ಉರುಳಿಕೊಂಡು ಬರುತ್ತಿತ್ತು. ಅದರಲ್ಲಿ ಅಪ್ಪ, ಅಮ್ಮ, ಈಕೆ. ತಿಂಗಳೆರಡು ತಿಂಗಳಿಗೆ ಊರು ಬದಲು, ಶಾಲೆ ಬದಲು. ಹೊಸ ಗೆಳತಿಯ ಹೆಸರು ಬಾಯಿಗೆ ಬರುವಷ್ಟರಲ್ಲಿ ರೋಲರು ಹೊರಟಿರುತ್ತಿತ್ತು.

"ಮೇಷ್ಟ್ರು ವಿಳಾಸ ಬರೀರಿ ಅಂತಿದ್ರು. ಎಲ್ಲರೂ ತಲೆ ಬಗ್ಗಿಸಿ ಬರೀತಿದ್ರು. ನಾನು ಕಿಟಕಿಯಿಂದ ಬಗ್ಗಿ ನೋಡ್ತಿದ್ದೆ, ಇವತ್ತು ಮನೆ ಎಲ್ಲಿ ನಿಂತಿದೆ ಅಂತ," ಎಂದು ಆಕೆ ನಗುತ್ತಾಳೆ.

ಆ ಕೋಣೆಯ ಒಂದು ಗೋಡೆ ಮಳೆಗಾಲದಲ್ಲಿ ಒಸರುತ್ತಿತ್ತು. ಅಮ್ಮ ಮಲಗುವ ಕಡೆಯ ಗೋಡೆ. ಮಳೆ ನಿಂತ ಮೇಲೆ ಅಮ್ಮ ಪೇಟೆಯಿಂದ ಹೂವಿನ ಚಿತ್ರದ ಕಾಗದ ತಂದು, ಅಂಟು ಕಾಯಿಸಿ, ಹಳೆಯ ಕಲೆಯ ಮೇಲೆ ನೀಟಾಗಿ ಅಂಟಿಸುತ್ತಿದ್ದಳು. ಒಂದು ವರ್ಷ ನೀಲಿ ಹೂವು, ಮರುವರ್ಷ ಕೆಂಪು. ಕಾಗದದ ಹಿಂದೆ ಕಪ್ಪು ಬೂಷ್ಟು ಬೆಳೆಯುತ್ತಲೇ ಇತ್ತು. ಅಮ್ಮನಿಗೆ ಕೆಮ್ಮು ಹತ್ತಿಕೊಂಡಿತು. ಬೇಸಿಗೆಯಲ್ಲಿ ಕಡಿಮೆಯಾಗಿ ಮಳೆಗಾಲದಲ್ಲಿ ಹೆಚ್ಚುತ್ತಿದ್ದ ಕೆಮ್ಮು ಒಂದು ವರ್ಷ ಬೇಸಿಗೆಯಲ್ಲೂ ನಿಲ್ಲಲಿಲ್ಲ. ಈಕೆಗೆ ಹದಿನಾಲ್ಕು ತುಂಬುವ ಮೊದಲೇ ಅಮ್ಮ ಹೋದಳು.

"ಡಾಕ್ಟರು ಶ್ವಾಸಕೋಶ ಅಂದ್ರು. ನಾನು ಗೋಡೆ ಅಂತೀನಿ," ಎಂದಷ್ಟೇ ಹೇಳಿ ಆಕೆ ಮಾತು ಬದಲಿಸುತ್ತಾಳೆ.

ಅಪ್ಪ ಆಕೆಯನ್ನು ಪೇಟೆಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ರಸ್ತೆಯ ಜೊತೆ ಹೊರಟುಹೋದ. ಚಿಕ್ಕಮ್ಮನ ಮನೆಯ ಎದುರಿಗೇ ಬಸ್ ಡಿಪೊ. ಈಕೆ ಬಸ್ ತೊಳೆಯುವ ಕೆಲಸಕ್ಕೆ ಸೇರಿದಳು. ಬಕೆಟ್ಟು, ಪೊರಕೆ, ಉದ್ದನೆಯ ರಬ್ಬರ್ ಪೈಪು. ತೊಳೆಯುತ್ತ ತೊಳೆಯುತ್ತ ಯಾವ ಬಸ್ಸು ಎಲ್ಲಿ ಸೋರುತ್ತಿದೆ, ಯಾವುದರ ಎಣ್ಣೆ ನೆಲದ ಮೇಲೆ ಎಲ್ಲಿ ತೊಟ್ಟಿಕ್ಕಿದೆ ಎಂದು ಹೆಡ್ ಮೆಕ್ಯಾನಿಕ್ಕಿಗೆ ಹೇಳತೊಡಗಿದಳು. ಆತ ಮೊದಮೊದಲು ಗದರಿದ. ಆಮೇಲೆ ಬಂದು ನೋಡತೊಡಗಿದ. ಒಂದು ದಿನ ಬೆಳಗ್ಗೆ ಏನೂ ಹೇಳದೆ ತನ್ನ ಜೇಬಿನಿಂದ ಟಾರ್ಚು ತೆಗೆದು ಆಕೆಯ ಕೈಗಿಟ್ಟ. ನಾಳೆಯಿಂದ ಒಳಗೆ ಬಾ ಎಂಬುದಕ್ಕೆ ಅದೇ ಅಪ್ಪಣೆ.

ಒಳಗೆ ಹೋದ ಮೇಲಿನ ವರ್ಷಗಳು ಹೂವಿನ ಹಾಸಿಗೆಯಾಗಿರಲಿಲ್ಲ. ಆಕೆಯ ಅಳತೆಯ ಮೇಲಂಗಿ ಡಿಪೊದಲ್ಲಿ ಇರಲಿಲ್ಲ, ತೋಳು ಮಡಚಿ ಮಡಚಿಯೇ ಕಾಲ ಹಾಕಿದಳು. ಹೆಂಗಸರಿಗೆ ಬಚ್ಚಲಿರಲಿಲ್ಲ, ಅರ್ಜೆಂಟಾದರೆ ಚಿಕ್ಕಮ್ಮನ ಮನೆಗೆ ಓಡಬೇಕಿತ್ತು. ಆಕೆ ರಿಪೇರಿ ಮಾಡಿದ ಬಸ್ಸನ್ನು ಹತ್ತುವ ಮೊದಲು ಒಬ್ಬ ಡ್ರೈವರ್ ಎಲ್ಲರೆದುರು ಕೈಮುಗಿದು ಆಕಾಶ ನೋಡುತ್ತಿದ್ದ. ವರ್ಷ ಕಳೆದ ಮೇಲೆ ಅದೇ ಡ್ರೈವರ್, ಬ್ರೇಕಿಗೆ ಅವಳೇ ಕೈ ಹಾಕಲಿ, ಬೇರೆ ಯಾರೂ ಬೇಡ ಎಂದು ಹಟ ಹಿಡಿದು ಕೂರುತ್ತಿದ್ದನಂತೆ. ಡಿಪೊ ಮುಚ್ಚಿದಾಗ ಆಕೆಗೆ ಐವತ್ತು. ನೆರೆಮನೆಯವರು ಹಳೆಯ ಮನೆಗಾಡಿಯೊಂದನ್ನು ಕೊಳ್ಳುವಾಗ ಒಮ್ಮೆ ಬಂದು ನೋಡು ಎಂದು ಕರೆದರು. ಅಲ್ಲಿಂದ ಶುರುವಾದದ್ದು ಈ ಕೆಲಸ.

ಇಷ್ಟೆಲ್ಲ ಮನೆಗಾಡಿಗಳನ್ನು ಕಂಡ ಟಾರ್ಚಕ್ಕ ಕಳೆದ ವರ್ಷದವರೆಗೆ ಒಂದರಲ್ಲೂ ಒಂದು ದಿನ ಮಲಗಿದವಳಲ್ಲ. ಮದುವೆಯಾಗುವಾಗ ಹುಡುಗನಿಗೆ ಹಾಕಿದ ಷರತ್ತು ಒಂದೇ: "ಮನೆ ಚಿಕ್ಕದಿರಲಿ, ಬಾಡಿಗೆಯದಿರಲಿ. ನಿಂತಲ್ಲಿ ನಿಂತಿರಬೇಕು." ಗಲ್ಲಿಯ ಕೊನೆಯಲ್ಲಿ, ಮುಂಬಾಗಿಲಿಗೆ ಎರಡು ಮೆಟ್ಟಿಲಿರುವ ಮನೆ ಅವರದು. ಎರಡು ಕೋಣೆ, ಅಡುಗೆಮನೆ, ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ತಂತಿ. ಬಾಗಿಲ ಮೇಲಿನ ಮನೆ ನಂಬರಿಗೆ ಪ್ರತಿವರ್ಷ ತಾನೇ ಕುಂಚ ಹಿಡಿದು ಬಣ್ಣ ಬಳಿಯುತ್ತಾಳೆ. ಪೋಸ್ಟಿನವರಿಗೆ ದೂರದಿಂದಲೇ ಕಾಣಬೇಕು ಎನ್ನುತ್ತಾಳೆ. ನಿಜ ಹೇಳಬೇಕೆಂದರೆ ಅವರ ಮನೆಗೆ ಪೋಸ್ಟು ಬರುವುದೇ ಅಪರೂಪ.

ಗಂಡ ಶಾಲೆಯ ಬಸ್ಸಿನ ಡ್ರೈವರ್. ಮೆತ್ತಗಿನ ಮನುಷ್ಯ. ಹಾರ್ನ್ ಒತ್ತುವುದಕ್ಕೂ ಸಂಕೋಚಪಡುವಂಥವರು. ನಿವೃತ್ತಿ ಹತ್ತಿರ ಬಂದಂತೆ ಅವರಿಗೊಂದು ಹುಚ್ಚು ಹಿಡಿಯಿತು, ಒಂದು ಮನೆಗಾಡಿ ತಗೊಂಡು ಇಬ್ಬರೂ ತಿರುಗಾಡಬೇಕು ಎಂದು. ಪೇಪರಿನಲ್ಲಿ ಜಾಹೀರಾತು ಕಂಡರೆ ಕತ್ತರಿಸಿ ತಂದು ಊಟದ ತಟ್ಟೆಯ ಪಕ್ಕ ಇಡುತ್ತಿದ್ದರು. ಈಕೆ ಹೋಗಿ ನೋಡಿ ಬರುತ್ತಿದ್ದಳು. ಒಂದಕ್ಕೆ ಚಾಸಿಯಲ್ಲಿ ತುಕ್ಕು. ಇನ್ನೊಂದರ ಸ್ಟೀರಿಂಗ್ ಲೂಸು. ಮತ್ತೊಂದಕ್ಕೆ ಚಾವಣಿ ಸೋರುತ್ತದೆ. ಅವರು 'ಹೌದಾ' ಎಂದು ಕಾಗದ ಮಡಚಿ ಎತ್ತಿಡುತ್ತಿದ್ದರು. ಒಂದು ದಿನವೂ ಎದುರು ಆಡಲಿಲ್ಲ.

"ಒಂದೆರಡು ಗಾಡಿ ಚೆನ್ನಾಗೇ ಇದ್ದವೇನೋ," ಎಂದು ಟಾರ್ಚಕ್ಕ ಈಗ ತುಟಿಯಂಚಲ್ಲಿ ನಗುತ್ತಾಳೆ. "ಆದ್ರೆ ಅವರ ಪಾಲಿಗೆ ನೋಡುವಾಗ ನನ್ನ ಹೆಬ್ಬೆರಳು ಸ್ವಲ್ಪ ಜೋರಾಗೇ ಒತ್ತುತ್ತಿತ್ತು."

ಹೀಗಿರುವಾಗ ಒಂದು ದಿನ ಅಪರಿಚಿತ ಗಿರಾಕಿಯೊಬ್ಬನ ಫೋನು ಬಂತು. ಗಾಡಿ ನೋಡಬೇಕು, ತನಗೆ ಬರಲಾಗುವುದಿಲ್ಲ, ನೋಡಿ ಫೋನಲ್ಲೇ ಹೇಳಿದರೆ ಸಾಕು ಎಂದ. ಮಾರುತ್ತಿದ್ದವರು ಇಬ್ಬರು ಅಕ್ಕತಂಗಿಯರು, ಇಬ್ಬರಿಗೂ ಎಪ್ಪತ್ತು ದಾಟಿದೆ. ಗಂಡು ದಿಕ್ಕಿಲ್ಲದೆ ತಾವಿಬ್ಬರೇ ಆ ಗಾಡಿಯಲ್ಲಿ ವರ್ಷಗಟ್ಟಲೆ ಸುತ್ತಿದವರು. ಈಗ ಅಕ್ಕನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ತಂಗಿಗೆ ಕಣ್ಣು ಮಂಜು.

ಬಾನೆಟ್ ತಣ್ಣಗಿತ್ತು. ಎಂಜಿನ್ ಒಂದೇ ತಿರುವಿಗೆ ಎದ್ದಿತು. ಹೊಗೆಯಿಲ್ಲ, ತೊಟ್ಟಿಕ್ಕಿದ ಎಣ್ಣೆಯಿಲ್ಲ. ಟಾರ್ಚಕ್ಕ ಕೆಳಗೆ ತೆವಳಿದಳು, ಮೇಲೆ ಏಣಿ ಹಾಕಿದಳು, ಮೂಲೆಮೂಲೆಗೆ ಹೆಬ್ಬೆರಳು ಒತ್ತಿದಳು. ಎಲ್ಲ ಗಟ್ಟಿ.

"ನಮ್ಮ ಗಾಡಿಗೆ ಏನೂ ಆಗಿಲ್ಲಮ್ಮ," ಎಂದರು ಅಕ್ಕ, ಕುರ್ಚಿಯಲ್ಲಿ ಕೂತು.

"ಏನೂ ಆಗಿಲ್ಲ ಅಂತೆ! ಹಿಂದಿನ ದೀಪದ ಹತ್ರ ಕಾಂಪೌಂಡಿಗೆ ಗುದ್ದಿದ್ದು ಹೇಳೇ," ಎಂದರು ತಂಗಿ.

"ಗುದ್ದಿದ್ದು ನಾನಾ? ಬಾ ಬಾ ಅಂತ ಕೈ ಬೀಸಿ ಕರೆದಿದ್ದು ಯಾರು?"

ಆ ಗುದ್ದು ರಿಪೇರಿಯಾಗಿದ್ದನ್ನೂ ಟಾರ್ಚಕ್ಕ ತಡವಿ ನೋಡಿದಳು. ಒಳ್ಳೆಯ ಕೆಲಸ. ಪೇಟೆಯ ದಾರಿಯಲ್ಲಿ, ಏರಿನಲ್ಲಿ, ಹಳ್ಳದಲ್ಲಿ ಓಡಿಸಿದಳು. ಬೆಣ್ಣೆಯಲ್ಲಿ ಚಾಕು ಇಳಿದಂತೆ ಗೇರು ಬೀಳುತ್ತಿತ್ತು. ಇಳಿದು ಗಾಡಿಯ ಮೆಟ್ಟಿಲ ಮೇಲೆ ನಿಂತು ಗಿರಾಕಿಗೆ ಫೋನು ಹಚ್ಚಿದಳು.

"ತಗೊಳ್ಳಿ ಸಾರ್. ನನ್ನ ಕೈಗೆ ಇಂಥ ಗಾಡಿ ಸಿಕ್ಕಿ ಬಹಳ ದಿನ ಆಗಿತ್ತು. ಕಣ್ಣು ಮುಚ್ಚಿ ತಗೊಳ್ಳಿ."

ಆ ಕಡೆ ಏನೋ ಗುಸುಗುಸು. ಫೋನು ಕೈಯಿಂದ ಕೈಗೆ ಹೋದ ಸದ್ದು. ಆಮೇಲೆ ಬೇರೆಯದೇ ದನಿ: "ಸರಿ ಕಣೇ. ನೀನು ಹೇಳಿದ ಮೇಲೆ ಆಯ್ತು."

ಗಂಡನ ದನಿ! ಮೊದಲು ಫೋನು ಮಾಡಿದ್ದು ಶಾಲೆಯ ಅಟೆಂಡರು. ಅವನನ್ನು ಗಿರಾಕಿಯಾಗಿ ನಿಲ್ಲಿಸಿ ಈ ಮೆತ್ತಗಿನ ಮನುಷ್ಯ ಹೆಂಡತಿಯಿಂದಲೇ ಗಾಡಿ ಪಾಸು ಮಾಡಿಸಿಕೊಂಡಿದ್ದರು. ಟಾರ್ಚಕ್ಕ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಅಕ್ಕತಂಗಿಯರು ಗಾಬರಿಯಿಂದ ನೀರು ತಂದರು. "ಕೊಳ್ಳೋರು ನಮ್ಮನೆಯವರು," ಎಂದಳು. ಆ ಇಬ್ಬರು ಮುದುಕಿಯರು ನಕ್ಕ ನಗೆಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.

ಈಕೆಗೆ ನಗು ಬರಲಿಲ್ಲ. ಮನೆಗೆ ಬಂದವಳು ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ತಟ್ಟೆ ಇಟ್ಟಳು, ಬಡಿಸಿದಳು, ಎದ್ದು ಹೋದಳು. ಮೂರನೇ ದಿನ ಸಂಜೆ ಹಿತ್ತಿಲಲ್ಲಿ ಬಟ್ಟೆ ತೆಗೆಯುವಾಗ ಅವರು ಬಂದು ಇನ್ನೊಂದು ತುದಿಯಿಂದ ಕ್ಲಿಪ್ಪು ಬಿಚ್ಚತೊಡಗಿದರು.

"ನಿಮಗೆ ಗೊತ್ತಿತ್ತಲ್ಲ ರೀ, ನಂಗೆ ಇಷ್ಟ ಇಲ್ಲ ಅಂತ."

"ಗೊತ್ತಿತ್ತು."

"ಮತ್ತೆ ಯಾಕೆ?"

ಅವರು ಒಂದು ಟವೆಲನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಮಡಚಿದರು. "ಇಷ್ಟು ವರ್ಷ ಒಂದೇ ರಸ್ತೇಲಿ ಓಡಿಸಿದೀನಿ ಕಣೇ. ಶಾಲೆ ಗೇಟಿನ ಹತ್ರ ಬಸ್ಸು ತಿರುಗಿಸ್ಕೊಂಡು ವಾಪಸ್ ಬರ್ತೀನಿ. ರಸ್ತೆ ಮಾತ್ರ ಅಲ್ಲಿಗೆ ನಿಲ್ಲಲ್ಲ. ಮುಂದೆ ಒಂದು ಏರಿದೆ, ಏರು ಹತ್ತಿ ಎಡಕ್ಕೆ ಹೋಗುತ್ತೆ. ಅದು ಎಲ್ಲಿಗೆ ಹೋಗುತ್ತೆ ಅಂತ ನಂಗೆ ಗೊತ್ತೇ ಇಲ್ಲ. ಒಂದ್ಸಲ ತಿರುಗಿಸದೆ ಮುಂದಕ್ಕೆ ಹೋಗ್ಬೇಕು. ಅಷ್ಟೇ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ತಮಗಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಆಕೆಗೆ ನೆನಪಿಲ್ಲ. ಬುಟ್ಟಿ ಕೆಳಗಿಟ್ಟು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅಮ್ಮ ಕೆಮ್ಮಿನಿಂದ ಹೋದಳು ಎಂಬುದಷ್ಟೇ ಗಂಡನಿಗೆ ಗೊತ್ತಿತ್ತು. ಗೋಡೆಯ ವಿಷಯ ಹೇಳಿರಲಿಲ್ಲ. ಆ ಸಂಜೆ ಎಲ್ಲವನ್ನೂ ಹೇಳಿದಳು. ಅಂಟು ಕಾಯಿಸುವ ವಾಸನೆ, ನೀಲಿ ಹೂವು, ಕೆಂಪು ಹೂವು, ಕೊನೆಯ ವರ್ಷ ಕಾಗದದ ಅಂಚು ಎದ್ದಾಗ ತಾನು ಕಿತ್ತು ನೋಡಿದ್ದು, ನೋಡಿ ಅಮ್ಮನಿಗೆ ಕಾಣದಂತೆ ಮತ್ತೆ ಅಂಟಿಸಿದ್ದು.

ಅವರು ಮಡಚಿದ ಬಟ್ಟೆಗಳನ್ನು ಬುಟ್ಟಿಗೆ ಹಾಕಿ ಪಕ್ಕದಲ್ಲಿ ಕೂತರು. ಆಮೇಲೆ, "ಬೇಡ ಬಿಡು. ಬೆಳಗ್ಗೆ ಹೋಗಿ ಅವರಿಗೆ ಹೇಳಿಬರ್ತೀನಿ," ಎಂದು ಎದ್ದರು.

"ಕೂತ್ಕೊಳ್ರಿ," ಎಂದಳು ಟಾರ್ಚಕ್ಕ. "ಆ ಗಾಡೀಲಿ ಐಬಿಲ್ಲ ಅಂತ ಹೇಳಿದ್ದು ನಾನು. ಗಿರಾಕಿಗೆ ಒಂದು ಮಾತು, ಗಂಡನಿಗೆ ಇನ್ನೊಂದು ಮಾತು ಅಂತ ನನ್ನ ಹತ್ರ ಇಲ್ಲ. ತಗೊಳ್ಳಿ. ಆದ್ರೆ ಈ ಮನೆ ಹೀಗೇ ಇರ್ಬೇಕು. ಎಲ್ಲಿಗೆ ಹೋದ್ರೂ ಇಲ್ಲಿಗೇ ವಾಪಸ್ ಬರ್ಬೇಕು."

"ಬರದೆ ಎಲ್ಲಿಗೆ ಹೋಗ್ಲಿ?" ಎಂದರು ಅವರು. ಅಂದು ರಾತ್ರಿ ಇಬ್ಬರೂ ಒಟ್ಟಿಗೇ ಊಟಕ್ಕೆ ಕೂತರು.

ಮೊದಲ ಪ್ರಯಾಣ ಅವರ ನಿವೃತ್ತಿಯ ಮಾರನೆಯ ಬೆಳಗ್ಗೆ. ಮಗಳು ಬಂದು ಮನೆಯ ಕೀಲಿ ಇಸಿದುಕೊಂಡಳು. "ಅಮ್ಮ ಎರಡು ಊರು ದಾಟೋದ್ರೊಳಗೆ ಗಾಡೀನ ಪೂರ್ತಿ ಬಿಚ್ಚಿಡ್ತಾಳೆ, ನೋಡ್ತಿರಿ ಅಪ್ಪ," ಎಂದು ತಮಾಷೆ ಮಾಡಿದಳು. ಶಾಲೆಯ ಗೇಟು ಬಂತು. ಅವರ ಕೈ ಅಭ್ಯಾಸಬಲದಿಂದ ಸ್ಟೀರಿಂಗನ್ನು ಅರೆಗಳಿಗೆ ಬಲಕ್ಕೆ ಎಳೆದು, ಮತ್ತೆ ನೆಟ್ಟಗಾಯಿತು. ಗಾಡಿ ಏರು ಹತ್ತಿತು. ಎಡಕ್ಕೆ ಹೊರಳಿತು. ಆಚೆ ಕಂಡದ್ದು ಅಂಥ ದೊಡ್ಡದೇನಲ್ಲ. ಎರಡೂ ಬದಿಗೆ ಹುಲ್ಲು, ಒಂದು ಇಟ್ಟಿಗೆ ಗೂಡು, ದೂರದಲ್ಲಿ ನೀರಿನ ಟ್ಯಾಂಕು. "ಓಹೋ!" ಎಂದರು ಅವರು, ಮಕ್ಕಳ ಹಾಗೆ.

ಪಕ್ಕದ ಸೀಟಿನಲ್ಲಿ ಟಾರ್ಚಕ್ಕನ ಕಿವಿ ನೆಟ್ಟಗಾದದ್ದು ಸ್ವಲ್ಪ ಹೊತ್ತಿನ ಮೇಲೆ. ಸಣ್ಣಗೆ 'ಗುಂಯ್' ಎಂಬ ಸದ್ದು. ನೇರ ರಸ್ತೆಯಲ್ಲಿ ಬರುತ್ತದೆ, ತಿರುವಿನಲ್ಲಿ ನಿಲ್ಲುತ್ತದೆ. ತಿರುವು ಕಳೆದರೆ ಮತ್ತೆ ಶುರು. ಚಕ್ರದ ಬೇರಿಂಗ್ ಹೋದರೆ ಹೀಗೇ. ಗಾಡಿ ತಿರುಗಿ ಭಾರ ಒಂದು ಕಡೆಗೆ ವಾಲಿದಾಗ ಸದ್ದು ಬದಲಾಗುತ್ತದೆ.

"ನಿಲ್ಸಿ ರೀ."

ಇಳಿದು ಜಾಕ್ ಹಾಕಿ ಮುಂದಿನ ಎರಡೂ ಚಕ್ರ ಎತ್ತಿ, ಕೈಯಿಂದ ತಿರುಗಿಸಿ, ಅಲುಗಿಸಿ ನೋಡಿದಳು. ಏನೂ ಇಲ್ಲ. ಹೊರಟರು. ಮತ್ತೆ 'ಗುಂಯ್'. ಮತ್ತೆ ನಿಲ್ಲಿಸಿ ಹಿಂದಿನ ಚಕ್ರ ನೋಡಿದಳು. ಏನೂ ಇಲ್ಲ. ಮೂರನೇ ಸಲ ಗಾಡಿಯಡಿಯಿಂದ ಎದ್ದಾಗ ಮೈಯೆಲ್ಲ ಧೂಳು, ಕಣ್ಣು ಕೆಂಪು. "ನಾನು ಪಾಸು ಮಾಡಿದ ಗಾಡಿ. ಇದು ನಂಗೆ ಹೇಗೆ ಕೇಳಿಸ್ಲಿಲ್ಲ? ಅವತ್ತು ಎಷ್ಟು ಓಡಿಸಿದೀನಿ!" ಎಂದಳು. ತನ್ನ ಮಾತು ನಂಬಿ ಗಾಡಿ ಕೊಂಡವರ ಮುಖಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವಂತೆ.

ಅವರು ಕೈಹಿಡಿದು ಹತ್ತಿಸಿಕೊಂಡರು. ಗಾಡಿ ಹೊರಟಿತು. ಈ ಸಲ ಆಕೆ ಕಣ್ಣು ಮುಚ್ಚಿ, ನೆಲಕ್ಕೆ ಕೈಯಿಟ್ಟಳು, ಬಾಗಿಲಿಗೆ ಕಿವಿಯಿಟ್ಟಳು, ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟಳು. ಸದ್ದು ಕೆಳಗಿನಿಂದ ಬರುತ್ತಿಲ್ಲ. ಮುಂದಿನಿಂದಲೂ ಅಲ್ಲ. ಮೆಲ್ಲಗೆ ಬಲಕ್ಕೆ ವಾಲಿದಳು. ಇನ್ನೂ ವಾಲಿದಳು. ಆಕೆಯ ಕಿವಿ ಗಂಡನ ಭುಜಕ್ಕೆ ತಾಗಿತು.

ಸದ್ದು ಅಲ್ಲಿಂದಲೇ ಬರುತ್ತಿತ್ತು. ತುಟಿ ಮುಚ್ಚಿಕೊಂಡು ಅವರು ಗುನುಗುತ್ತಿದ್ದರು. ರಾಗವಲ್ಲ, ಹಾಡಲ್ಲ. ಖುಷಿಯಾದ ಬೆಕ್ಕು ಗುರುಗುಟ್ಟುವ ಹಾಗೆ ಒಂದೇ ಎಳೆಯ ದನಿ. ತಿರುವು ಬಂದಾಗ ರಸ್ತೆಯ ಮೇಲೆ ಗಮನವಿಟ್ಟು ನಿಲ್ಲಿಸುತ್ತಿದ್ದರು, ನೇರ ರಸ್ತೆ ಸಿಕ್ಕರೆ ಮತ್ತೆ ಶುರು.

"ನೀವಾ?" ಎಂದಳು ಟಾರ್ಚಕ್ಕ.

"ನಾನೇನು?" ಎಂದರು ಅವರು. ಅವರಿಗೇ ಗೊತ್ತಿರಲಿಲ್ಲ.

ದಿನವೂ ಬೆಳಗ್ಗೆ ಅವರು ಒಂದು ಕಡೆ ಹೋಗುತ್ತಿದ್ದರು, ಈಕೆ ಇನ್ನೊಂದು ಕಡೆ. ಅವರ ಪಕ್ಕದ ಸೀಟಿನಲ್ಲಿ ಕೂತು ಹೀಗೆ ದೂರದ ದಾರಿ ಹೋದದ್ದು ಅದೇ ಮೊದಲು. ಇಷ್ಟು ವರ್ಷ ಆ ದನಿ ಕೇಳಿದವರು ಶಾಲೆಯ ಮಕ್ಕಳು ಮಾತ್ರ. ಆಮೇಲೆ ವಿಚಾರಿಸಿದರೆ ಅಟೆಂಡರು, "ಅಯ್ಯೋ, ಮಕ್ಕಳು ಅವರ ಬಸ್ಸಿಗೆ ಜೇನುಗೂಡು ಅಂತಲೇ ಕರೀತಿದ್ರು, ನಿಮಗೆ ಗೊತ್ತಿಲ್ವಾ?" ಎಂದನಂತೆ.

ಈಗ ತಿಂಗಳಲ್ಲೊಮ್ಮೆ ಇಬ್ಬರೂ ಹೊರಡುತ್ತಾರೆ. ಉಳಿದ ದಿನಗಳಲ್ಲಿ ಟಾರ್ಚಕ್ಕ ಮಾಮೂಲಿನಂತೆ ಬೆಳಗಾಗುವ ಮೊದಲೇ ಯಾರದೋ ಅಂಗಳದಲ್ಲಿ, ಯಾವುದೋ ಗಾಡಿಯಡಿಯಲ್ಲಿ ಇರುತ್ತಾಳೆ. ಆಕೆ ಬೇಡ ಎಂದ ಗಾಡಿಗಳಿಂದ ಎಷ್ಟು ಜನ ಉಳಿದರೋ, ಅದರ ಲೆಕ್ಕ ಯಾರೂ ಇಟ್ಟಿಲ್ಲ. ಏನೂ ಆಗದೇ ಇದ್ದುದಕ್ಕೆ ಯಾರೂ ಬಂದು ಥ್ಯಾಂಕ್ಸ್ ಹೇಳುವುದಿಲ್ಲ. ಅದರ ಬಗ್ಗೆ ಕೇಳಿದರೆ ಆಕೆ ಭುಜ ಕುಣಿಸಿ ಟೀ ಬಗ್ಗಿಸುತ್ತಾಳೆ. ಆದರೆ ಗಂಡನ ಆ ಸದ್ದಿನ ಮಾತು ತೆಗೆದರೆ ಮುಖ ಅರಳುತ್ತದೆ.

"ಅವತ್ತು ಅವರು ಹೆದರ್ಕೊಂಡು, ಇನ್ಮೇಲೆ ಮಾಡಲ್ಲ ಬಿಡು ಅಂದ್ರು. ನಾನು ಬೈದೆ. ಅದಕ್ಕೆ ರಿಪೇರಿ ಬೇಡ, ಹಾಗೇ ಇರ್ಲಿ ಅಂದೆ. ಈಗ ನೇರ ರಸ್ತೇಲಿ ಅದು ಕೇಳಿಸ್ದೇ ಇದ್ರೆ ನಾನೇ ಕೇಳ್ತೀನಿ, ಯಾಕ್ರೀ, ಏನಾಯ್ತು ಅಂತ."